ಅಡಿಕೆಗೆ ಕೊಟ್ಟೆ ಕಟ್ಟೋಕೆ ಮಳೆ ಲೆಕ್ಕ ಬೇಕಾ?

ಹೊಸನಗರ ಕಡೆಯ ಓದುಗರೊಬ್ಬರು ಎರಡು ಪುಟ ಬರೆದಿದಾರೆ. ಸಾರಾಂಶ ಇಷ್ಟೆ: "ಹವಾಮಾನ ಬದಲಾಗ್ತಿದೆ ಅಂತ ಒಬ್ರು ಮಳೆ ಜಾಸ್ತಿ ಅಂತಾರೆ, ಇನ್ನೊಬ್ರು ಬರ ಅಂತಾರೆ. ವಿಜ್ಞಾನಿಗಳಿಗೇ ಖಚಿತ ಇಲ್ದಿದ್ಮೇಲೆ ಅಡಿಕೆ ತೋಟಕ್ಕೆ ದುಡ್ಡು ಯಾಕೆ ಸುರೀಬೇಕು? ಸರಿಯಾದ ಲೆಕ್ಕ ಕೊಡ್ಲಿ, ಆಮೇಲೆ ನೋಡಣ."

ಸಿಟ್ಟು ನ್ಯಾಯವೇ ಸ್ವಾಮಿ. 2023ರ ಆಗಸ್ಟಲ್ಲಿ ಬಿಸಿಲು ಕಾಯ್ತು, ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕು ಬರಪೀಡಿತ ಅಂತಾಯ್ತು, ಮರುವರ್ಷ ಜುಲೈನಲ್ಲಿ ಕೊಡೆ ಮಡಚೋಕೆ ಪುರಸೊತ್ತಿಲ್ಲ. ಮುನ್ಸೂಚನೆ ಇನ್ನೂ ಚೆನ್ನಾಗಬೇಕು, ಒಪ್ಪಿದೆ. ಆದ್ರೆ ಸೆಕೆ ಏರ್ತಿರೋದ್ರಲ್ಲಿ ಯಾರಿಗೂ ತಕರಾರಿಲ್ಲ, ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು 7 ಪರ್ಸೆಂಟ್ ಹೆಚ್ಚು ನೀರು ಹೊರುತ್ತೆ, ಹಾಗಾಗಿ ಬಂದಾಗ ಬಡಿಯೋದೂ ಜೋರೇ. ನಿಮ್ಮ ಹೋಬಳಿಗೆ ಯಾವ ವಾರ ಬಡಿಯುತ್ತೆ ಅನ್ನೋದನ್ನ ಮಾತ್ರ ವರ್ಷದ ಮುಂಚೆ ಯಾರೂ ಹೇಳಲ್ಲ.

ನಿಮ್ಮಜ್ಜನಿಗೆ ಯಾರು ಹೇಳಿದ್ರು? ಕರಡದ ಹುಲ್ಲು ಕೊಯ್ದು, ಒಣಗಿಸಿ, ಜಗಲಿ ಮೇಲೆ ಕೂತು ಕೊಟ್ಟೆ, ಅಂದ್ರೆ ಅಡಿಕೆ ಗೊಂಚಲಿಗೆ ಹಾಕೋ ಮಳೆ ಮುಸುಕು ಹೆಣೆದು, ಮಳೆ ಹಿಡಿಯೋಕೆ ಮುಂಚೆ ಕೊನೆಗಾರನ್ನ ಮರ ಹತ್ತಿಸಿ ಒಂದೊಂದು ಅಡಿಕೆ ಕೊನೆಗೂ ಕಟ್ಟಿಸ್ತಿದ್ರು. ಆ ವರ್ಷ ಮಳೆ ಕೈಕೊಟ್ರೆ ಕರಡದ ಕೆಲಸ ದಂಡ, ಅಷ್ಟೆ. ಕಟ್ಟದೆ ಮಳೆ ಹಿಡೀತೋ, ಕೊಳೆರೋಗ ಬಂದು ಫಸಲು ನೆಲಕ್ಕೆ. ಎರಡೂ ನಷ್ಟ ಒಂದೇ ತೂಕದ್ದಲ್ಲ ಅಂತ ಅವರಿಗೆ ಗೊತ್ತಿತ್ತು. ಕಳೆದ ಶತಮಾನದ ಶುರುವಲ್ಲಿ ಮೈಸೂರು ಸರ್ಕಾರದ ನೌಕರಿಗೆ ಬಂದ ಕೆನಡಾದ ಕೋಲ್ಮನ್ ಸಾಹೇಬ್ರು ಕೊಳೆಗೆ ಹೊಡೆಯೋ ಬೋರ್ಡೋ ದ್ರಾವಣ ಹಿಡಿಸಿದ್ರಲ್ಲ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಅದೂ ಇದೇ ಬುದ್ಧಿ: ರೋಗ ಕಾಣೋಕೆ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು.

ನಾನೇನು ಸಾಚಾ ಅಲ್ಲ. 2018ರಲ್ಲಿ "ಮಳೆ ನೋಡ್ಕೊಂಡು ಹೊಡೆಸಣ" ಅಂತ ಮೊದಲ ಔಷಧಿ ಮುಂದೂಡಿದೆ. ಮರ ಒಣಗಲೇ ಇಲ್ಲ, ಕೊನೆಗಾರ ಬಂದವನು ಜಗಲೀಲಿ ಕಾಫಿ ಕುಡಿದು ವಾಪಸ್ ಹೋದ, ಮೂರು ಸಲ. ಆಗಸ್ಟ್ ಹೊತ್ತಿಗೆ ಬೆಳಗ್ಗೆ ತೋಟಕ್ಕಿಳಿದ್ರೆ ಕಾಲಿಗೆ ಸಿಗ್ತಿದ್ದಿದ್ದು ಬೂದುಬಿಳಿ ಬೂಷ್ಟು ಹಿಡಿದ ಎಳೆಕಾಯಿ. ಆ ವಾಸನೆ ಮರೆಯೋ ಹಾಗಿಲ್ಲ.

ವರದಾ ನದಿ ಬಯಲಲ್ಲಿ ನೆರೆಗುಳಿ ಅನ್ನೋ ಭತ್ತ ಇತ್ತು, ದಿನಗಟ್ಟಲೆ ನೀರಲ್ಲಿ ಮುಳುಗಿದ್ರೂ ಮತ್ತೆ ಚಿಗುರೋ ಜಾತಿ. ಇಳುವರಿ ಕಮ್ಮಿ ಅಂತ ಬಿಟ್ವಿ. ಈಗ ಆ ಗದ್ದೆಗಳಿಗೇ ಮಣ್ಣು ತುಂಬಿಸಿ ಅಡಿಕೆ ಸಸಿ ನೆಡ್ತಿದೀವಿ, ನೆರೆ ಬಂದ್ರೆ ನೀರು ಎಲ್ಲಿ ನಿಲ್ಬೇಕು? ಒಂದೇ ಬೆಳೆ, ಒಂದೇ ರೇಟು, ಒಂದೇ ಎಲೆಚುಕ್ಕೆ ರೋಗ, ಮೇಲೆ ಬೆಳೆವಿಮೆ ಇದೆ ಅನ್ನೋ ಧೈರ್ಯ. ವಿಮೆ ಕಟ್ಟಿ, ಬೇಡ ಅನ್ನಲ್ಲ. ಆದ್ರೆ ಅದು ನೋಡೋದು ಪಂಚಾಯ್ತಿಯ ಮಳೆಮಾಪಕ, ನಿಮ್ಮ ಕೊನೆ ಅಲ್ಲ. ಗುಡ್ಡದಾಚೆ ಮಳೆ ಈಚೆ ಬಿಸಿಲು ಇರೋ ಊರಲ್ಲಿ ಇದನ್ನ ಬಿಡಿಸಿ ಹೇಳ್ಬೇಕಾ! ಮಾಪಕ ಕೆಟ್ಟಿತ್ತು ಅಂತ ಅಲೆದವರ ಕಾಗದ ನನ್ನ ಮೇಜಿನ ಮೇಲೇ ಒಂದು ಕಟ್ಟಿದೆ.

ನೀವು ಎರಡು ಪುಟ ತುಂಬ ದೆಹಲಿ, ಹವಾಮಾನ ಇಲಾಖೆ, ವಿಶ್ವಸಂಸ್ಥೆ ಎಲ್ಲ ಬರೆದಿದೀರಿ, ಭಾಷೆಯೂ ಚಂದ ಇದೆ. ತೋಟದ ಕಪ್ಪಿನ, ಅದೇ ನೀರು ಬಸಿಯೋ ಕಾಲುವೆಯ ಸುದ್ದಿಯೇ ಇಲ್ಲ. ಕೊನೇ ಸಲ ಅದರ ಹೂಳು ತೆಗೆಸಿದ್ದು ಯಾವಾಗ ಅಂತ ಮುಂದಿನ ಕಾಗದದಲ್ಲಿ ಬರೀರಿ.

– ಸಂ.