ಗೆರೆ ಬರಲಿಲ್ಲ ಅಂದ್ರೆ ತಿನ್ನಬಹುದಾ?

ಮಗನಿಗೆ ಕಡಲೆಕಾಯಿ ಅಲರ್ಜಿ, ಊಟದಲ್ಲಿ ಕಡಲೆಕಾಯಿ ಇದೆಯಾ ಅಂತ ನೋಡುವ ಟೆಸ್ಟ್ ಪಟ್ಟಿಯಲ್ಲಿ ಕೆಂಪು ಗೆರೆ ಬರದಿದ್ದರೆ ಊಟ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಅಷ್ಟನ್ನೇ ನಂಬಬೇಡಿ. ಆ ಕೆಂಪು ಬಣ್ಣ ಚಿನ್ನದ ನ್ಯಾನೊ ಕಣಗಳದ್ದು, ಅಂದ್ರೆ ಅತಿ ಸಣ್ಣ ಕಣಗಳದ್ದು. ಅಷ್ಟು ಸಣ್ಣದಾದಾಗ ಚಿನ್ನ ಕೆಂಪಗೆ ಕಾಣುತ್ತದೆ. ಕಣಕ್ಕೆ ಅಂಟಿಸಿದ ಆಂಟಿಬಾಡಿ (ಒಂದು ನಿರ್ದಿಷ್ಟ ವಸ್ತುವನ್ನು ಗುರುತಿಸಿ ಹಿಡಿಯುವ ಅಣು) ಕಡಲೆಕಾಯಿ ಪ್ರೋಟೀನನ್ನು ಹಿಡಿದುಕೊಂಡು ಹೋಗಿ ಗೆರೆಯ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಪ್ರೋಟೀನ್ ವಿಪರೀತ ಜಾಸ್ತಿ ಇದ್ದರೆ? ಪ್ರೋಟೀನಿನಿಂದ ಕಣಗಳೂ ತುಂಬಿಹೋಗುತ್ತವೆ, ಗೆರೆಯ ಜಾಗವೂ ತುಂಬಿಹೋಗುತ್ತದೆ. ಎರಡೂ ಸರಿಯಾಗಿ ಸೇರುವುದಿಲ್ಲ. ಗೆರೆ ಮಸುಕಾಗುತ್ತದೆ, ಕೆಲವೊಮ್ಮೆ ಮಾಯವೇ ಆಗುತ್ತದೆ. ನನಗೆ ಭಯ ಇದರದ್ದೇ. ಮತ್ತೆ, ನೀವು ಪರೀಕ್ಷಿಸಿದ್ದು ಒಂದು ಚೂರು; ಕಡಲೆಕಾಯಿ ತಟ್ಟೆಯ ಇನ್ನೊಂದು ಮೂಲೆಯಲ್ಲಿ ಇರಬಹುದು ಅಲ್ವಾ? ಗೆರೆ ಬಂದರೆ ಖಂಡಿತ ಕೊಡಬೇಡಿ. ಬರದಿದ್ದರೂ ಲೇಬಲ್ ಓದಿ, ಅಡುಗೆ ಮಾಡಿದವರನ್ನು ಕೇಳಿ. ಡಾಕ್ಟರ್ ಎಪಿನೆಫ್ರಿನ್ (ತೀವ್ರ ಅಲರ್ಜಿಗೆ ಕೊಡುವ ತುರ್ತು ಔಷಧಿ) ಬರೆದುಕೊಟ್ಟಿದ್ದರೆ ಅದು ಯಾವಾಗಲೂ ಜೊತೆಗಿರಲಿ.