ಕೆಟ್ಟು ನಿಂತ ಹಳೆಯ ಸೇನಾ ವಿಮಾನವನ್ನು ಹವ್ಯಾಸಕ್ಕೆಂದು ದುರಸ್ತಿ ಮಾಡಬಹುದೇ? ಎಲ್ಲಿಂದ ಶುರು ಮಾಡಬೇಕು?

ಮೇಲ್ನೋಟಕ್ಕೆ ನಿಮ್ಮದು ಒಂದೇ ಪ್ರಶ್ನೆ, ಒಳಗೆ ಮೂರಿವೆ. ರಾಯಚೂರಿನ ಕಾಲೇಜೊಂದರ ಅಂಗಳದಲ್ಲಿ ವಾಯುಪಡೆಯ ಹಳೆಯ ತರಬೇತಿ ವಿಮಾನವೊಂದು ವರ್ಷಗಳಿಂದ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದೆ. ನಾಲ್ಕೈದು ಗೆಳೆಯರು ಬಿಡುವಿನಲ್ಲಿ ಅದನ್ನು ಸರಿಮಾಡಬಹುದೇ, ಎಲ್ಲಿಂದ ಶುರು ಮಾಡಬೇಕು, ಮುಂದೊಂದು ದಿನ ಅದನ್ನು ಹಾರಿಸಬಹುದೇ ಎಂದು ಕೇಳಿದ್ದೀರಿ. ಕೊನೆಯದಕ್ಕೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ: ಆಗುವುದಿಲ್ಲ. ಆ ಆಸೆಯನ್ನು ಇವತ್ತೇ ಬಿಟ್ಟರೆ ಉಳಿದ ಎರಡು ಪ್ರಶ್ನೆಗಳು ಹಗುರವಾಗುತ್ತವೆ.

ನಾನು ಬಳ್ಳಾರಿಯವನು. ಅನಂತಪುರ ರಸ್ತೆಯಲ್ಲಿ ಲಾರಿ ಬಾಡಿ ಕಟ್ಟುವ ಸಣ್ಣ ಶೆಡ್ ಇಟ್ಟುಕೊಂಡಿದ್ದೇನೆ. ವಿಮಾನದ ವಿದ್ಯೆ ಓದಿದವನಲ್ಲ. ಆದರೆ ಕಳೆದ ಮೂರು ವರ್ಷಗಳ ಭಾನುವಾರಗಳನ್ನು ಇಲ್ಲಿನ ಒಂದು ಸಂಸ್ಥೆಯ ಅಂಗಳದಲ್ಲಿರುವ ಕಿರಣ್ ಎಂಬ ಜೆಟ್ ತರಬೇತಿ ವಿಮಾನದ ಹೊಟ್ಟೆಯ ಕೆಳಗೆ ಮಲಗಿ ಕಳೆದಿದ್ದೇನೆ. ಜೊತೆಗೆ ನಮ್ಮ ಶೆಡ್ಡಿನ ಡೆಂಟಿಂಗ್ ಮೇಸ್ತ್ರಿ, ಭೌತಶಾಸ್ತ್ರದ ಉಪನ್ಯಾಸಕರೊಬ್ಬರು, ಆಗಾಗ ಬರುವ ನಾಲ್ಕು ಹುಡುಗರು ಮತ್ತು ವಾಯುಪಡೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ. ಅವರನ್ನು ನಾವೆಲ್ಲ ಸಾರ್ಜೆಂಟ್ ಸಾಹೇಬರು ಎನ್ನುತ್ತೇವೆ. ಅವರಿಲ್ಲದಿದ್ದರೆ ನಾವು ಆ ವಿಮಾನವನ್ನು ಅಭಿಮಾನದಿಂದಲೇ ಕೊಂದುಬಿಡುತ್ತಿದ್ದೆವು.

ಹಾರುವ ಮಾತನ್ನು ಮುಗಿಸಿಬಿಡೋಣ. ಖಾಸಗಿಯವರ ವಿಮಾನ ನಮ್ಮ ದೇಶದ ಆಕಾಶಕ್ಕೆ ಏರಬೇಕಾದರೆ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ನೋಂದಣಿ ಬೇಕು, ಹಾರಾಟಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ ಬೇಕು. ಅದರ ಹಿಂದೆ ಪ್ರತಿಯೊಂದು ಮುಖ್ಯ ಭಾಗ ಎಲ್ಲಿಂದ ಬಂತು, ಎಷ್ಟು ಗಂಟೆ ಹಾರಿತು ಎಂಬ ಲೆಕ್ಕದ ಸರಪಳಿ ಇರಬೇಕು. ಅಂಗಳಕ್ಕೆ ಬಂದು ನಿಂತ ದಿನವೇ ಆ ಸರಪಳಿ ಕಡಿದಿರುತ್ತದೆ. ಲೋಹಕ್ಕೂ ಆಯುಸ್ಸಿದೆ. ಸಾವಿರಾರು ಸಲ ಏರಿಳಿದ ರೆಕ್ಕೆಯ ಬುಡದಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಬಣ್ಣ ಬಳಿದರೆ ಅದು ಕೂಡಿಕೊಳ್ಳುವುದಿಲ್ಲ. ನಮ್ಮ ಕಿರಣ್‌ಗೆ ಎಂಜಿನ್ನೇ ಇರಲಿಲ್ಲ, ಗಾಳಿ ಸೇದುವ ಎರಡು ಬಾಯಿಗಳಿಗೂ ತಗಡು ಬಡಿದಿದ್ದರು.

ಹಾಗಾದರೆ ಗುಜರಿಯಿಂದ ಎದ್ದು ಹಾರಿದ ವಿಮಾನಗಳೇ ಇಲ್ಲವೇ ಎಂದರೆ, ಇವೆ. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ಕಾನ್ಪುರದಲ್ಲಿ ಲಿಬರೇಟರ್ ಬಾಂಬರುಗಳ ಒಂದು ಹಿಂಡನ್ನೇ, ಮತ್ತೆ ಯಾರಿಗೂ ಒದಗಬಾರದೆಂದು ಹಾಳುಗೆಡವಿ, ಬಿಟ್ಟುಹೋಗಿತ್ತು. ಬೆಂಗಳೂರಿನ ಎಚ್‌ಎಎಲ್ ತಂಡದವರು 1948ರಲ್ಲಿ ಅವನ್ನು ಹೇಗೋ ಒಂದು ಹಾರಾಟಕ್ಕೆ ಸಾಲುವಷ್ಟು ಸಜ್ಜುಗೊಳಿಸಿದರು. ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಹೀಗೆ 40ಕ್ಕೂ ಹೆಚ್ಚು ವಿಮಾನಗಳು ಜೀವ ಪಡೆದು 1968ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಇತ್ತೀಚಿನ ಉದಾಹರಣೆ ಎಂದರೆ 'ಪರಶುರಾಮ' ಎಂಬ ಡಕೋಟಾ, ಹಳೆಯ ಕಾಲದ ಸಾಗಣೆ ವಿಮಾನ. ಬ್ರಿಟನ್ನಿನಲ್ಲಿ ಮರುಹುಟ್ಟು ಪಡೆದು 2018ರಲ್ಲಿ ಭಾರತಕ್ಕೆ ತಾನೇ ಹಾರಿಕೊಂಡು ಬಂತು. ಆದರೆ ಒಂದರ ಹಿಂದೆ ಇಡೀ ಕಾರ್ಖಾನೆಯಿತ್ತು, ಇನ್ನೊಂದರ ಹಿಂದೆ ದೊಡ್ಡ ಹಣ, ಪರಿಣತರ ಪಡೆ ಎರಡೂ ಇದ್ದವು. ನಮ್ಮ ಹಿಂದೆ ಇರುವುದು ಒಂದು ಲಾರಿ ಶೆಡ್.

ಆದ್ದರಿಂದ ಗುರಿಯನ್ನು ಹೀಗೆ ಇಟ್ಟುಕೊಳ್ಳಿ: ಅದು ನಿಂತಲ್ಲೇ, ಇನ್ನು ಕೊಳೆಯದಂತೆ, ತಾನು ಇದ್ದ ಹಾಗೆಯೇ ಕಾಣುವಂತೆ ನಿಲ್ಲಬೇಕು. ಇದೇ ಸಾಕಷ್ಟು ಕಷ್ಟದ ಕೆಲಸ.

ಶುರು ಎಲ್ಲಿಂದ ಎಂದರೆ, ಕಾಗದದಿಂದ. ಇಂಥ ವಿಮಾನ ಯಾರ ಸ್ವತ್ತು, ಕೊಡುವಾಗ ಏನು ಷರತ್ತು ಬರೆದಿದ್ದಾರೆ ಎಂದು ಸಂಸ್ಥೆಯ ಕಡತದಲ್ಲಿ ಹುಡುಕಿಸಿ, ಲಿಖಿತ ಒಪ್ಪಿಗೆ ಪಡೆಯಿರಿ. ಅದೇ ಕಡತದಲ್ಲಿ ಇನ್ನೊಂದನ್ನೂ ನೋಡಿ. ಕಿರಣ್‌ನಂಥ ಜೆಟ್ ವಿಮಾನಗಳಲ್ಲಿ ಪೈಲಟ್ಟನ್ನು ಹೊರಗೆಸೆಯುವ ಆಸನ ಇರುತ್ತದೆ, ಅದನ್ನು ಎಸೆಯುವುದು ಸಿಡಿಮದ್ದಿನ ತೋಟೆ. ತೋಟೆಗಳನ್ನು ತೆಗೆದಿದ್ದಾರೆ ಎಂದು ಬಲ್ಲವರು ಕಣ್ಣಾರೆ ನೋಡಿ ಹೇಳುವವರೆಗೆ ಯಾರೂ ಕಾಕ್‌ಪಿಟ್ಟಿಗೆ ಕಾಲಿಡಬೇಡಿ. ಸೆಲ್ಫಿಗೆಂದೂ ಬೇಡ.

ಈಗ ನಿಜವಾದ ಶತ್ರುವಿನ ವಿಷಯ. ಬಳ್ಳಾರಿಯ ಬಿಸಿಲು ಎಂದು ನಾನು ಅಂದುಕೊಂಡಿದ್ದೆ. ಅಲ್ಲ, ಬಣ್ಣ.

ನಮ್ಮ ವಿಮಾನಕ್ಕೆ ಪ್ರತಿ ಆಗಸ್ಟ್ 15ರ ಮುಂಚೆ ಬೆಳ್ಳಿ ಬಣ್ಣದ ಎನಾಮಲ್ ಬಳಿಯುತ್ತಿದ್ದರು. ಗೇಟಿಗೆ ಹೊಡೆದು ಮಿಕ್ಕಿದ್ದು ಅದಕ್ಕೆ. ಕೆರೆದು ನೋಡಿದಾಗ ಏಳು ಪದರ ಎಣಿಸಿದೆವು. ವಾಯುಪಡೆಯ ವೃತ್ತಲಾಂಛನದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರಬೇಕು. ನಮ್ಮ ಪೇಂಟರ್ ಯಾವುದೋ ವರ್ಷ ಅದನ್ನು ತಿರುವುಮುರುವು ಮಾಡಿಟ್ಟಿದ್ದ. ಅಷ್ಟು ವರ್ಷ ಅದರ ಮುಂದೆ ಧ್ವಜವಂದನೆ ನಡೆದರೂ ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅಂದದ ಮಾತು ಬಿಡಿ, ಆ ಬಣ್ಣ ಮಾಡಿದ ದೊಡ್ಡ ಅನಾಹುತ ಬೇರೆ. ವಿಮಾನದ ಹೊಟ್ಟೆಯ ಕೆಳಗೂ ರೆಕ್ಕೆಯ ಕೆಳಗೂ ನೀರು ಬಸಿಯಲು ಕಡ್ಲೆಕಾಳಿನಷ್ಟು ಸಣ್ಣ ತೂತುಗಳಿರುತ್ತವೆ. ಏಳು ಪದರ ಬಣ್ಣ ಅವನ್ನೆಲ್ಲ ಮುಚ್ಚಿಹಾಕಿತ್ತು. ಮೊದಲ ತೂತನ್ನು ಸಾರ್ಜೆಂಟ್ ಸಾಹೇಬರು ಮರದ ಕಡ್ಡಿಯಿಂದ ಚುಚ್ಚಿದಾಗ ಕೆಂಪು ಚಹಾದಂಥ ನೀರು ಜಿನುಗಿ, ಧಾರೆಯಾಗಿ, ಅರ್ಧ ಬಕೆಟ್ ತುಂಬಿತು. ಅದಿರು ಲಾರಿಗಳ ಧೂಳು ಕುಡಿದ ಮಳೆನೀರು. ಅದು ಏಪ್ರಿಲ್ ತಿಂಗಳು, ಊರಲ್ಲಿ ಕುಡಿಯುವ ನೀರಿಗೆ ಪರದಾಟ, ವಿಮಾನದ ಹೊಟ್ಟೆಯಲ್ಲಿ ಮಾತ್ರ ಕಳೆದ ಮಳೆಗಾಲ ಹಾಗೆಯೇ ಇತ್ತು.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂಬುದು ಅರ್ಧ ಸತ್ಯ. ಶುದ್ಧ ಅಲ್ಯೂಮಿನಿಯಂ ತಾಳಿಕೊಳ್ಳುತ್ತದೆ, ಆದರೆ ವಿಮಾನಕ್ಕೆ ಬಳಸುವುದು ತಾಮ್ರ ಬೆರೆಸಿ ಗಟ್ಟಿಗೊಳಿಸಿದ ಮಿಶ್ರಲೋಹ. ನೀರು ನಿಂತರೆ ಅದು ಒಳಗಿಂದೊಳಗೇ ಪದರ ಬಿಡುತ್ತದೆ. ಮೊದಲು ಬಿಳಿ ಪುಡಿ, ಆಮೇಲೆ ಬಣ್ಣದ ಕೆಳಗೆ ಗುಳ್ಳೆ, ಕೊನೆಗೆ ಚಿರೋಟಿ. ಹೌದು, ರೆಕ್ಕೆಯ ಬುಡದ ಒಂದು ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿದರೆ ಚಿರೋಟಿಯ ಹಾಗೆ ಎಳೆ ಎಳೆಯಾಗಿ ಬಂತು. ಉಕ್ಕು ತಾಗಿದಲ್ಲಿ ಇನ್ನೂ ಬೇಗ: ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದರೆ ಅದೊಂದು ಬ್ಯಾಟರಿ, ಸವೆಯುವುದು ಅಲ್ಯೂಮಿನಿಯಂ. ನಮ್ಮ ವಿಮಾನವನ್ನು ಕಟ್ಟೆಗೆ ಬಿಗಿಯಲು ಯಾರೋ ಕಬ್ಬಿಣದ ಪಟ್ಟಿ ಸುತ್ತಿದ್ದರು. ಪಟ್ಟಿ ಬಿಚ್ಚಿದಾಗ ಅದರ ಅಚ್ಚು ಮೈಮೇಲೆ ಹುಣ್ಣಿನಂತೆ ಉಳಿದಿತ್ತು. ಈಗ ನಡುವೆ ರಬ್ಬರ್ ಹಾಸಿದ್ದೇವೆ.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಎಣ್ಣೆ ಜಿಡ್ಡು ಹೋಗಲಿ ಎಂದು ಬಿಸಿನೀರಿಗೆ ಬಟ್ಟೆ ಸೋಡಾ ಹಾಕಿ ಒಂದು ಬಾಗಿಲನ್ನು ತೊಳೆದೆ, ಲಾರಿಗೆ ಮಾಡುವ ಹಾಗೆ. ಹತ್ತು ನಿಮಿಷದಲ್ಲಿ ಅದು ಹಳೆಯ ಅನ್ನದ ಪಾತ್ರೆಯಂತೆ ಕಪ್ಪಾಯಿತು. ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತಣ್ಣೀರು, ಮೃದುವಾದ ಸೋಪು, ಹತ್ತಿ ಬಟ್ಟೆ, ಅಷ್ಟೇ ಸಾಕು. ತಂತಿ ಬ್ರಷ್ ಮುಟ್ಟಬೇಡಿ. ಉಕ್ಕಿನ ಚೂರು ಲೋಹದಲ್ಲಿ ಸಿಕ್ಕಿಕೊಂಡು ಮುಂದಿನ ಮಳೆಗಾಲಕ್ಕೆ ಅಲ್ಲೇ ಮೊಳೆಯುತ್ತದೆ. ಬಣ್ಣ ಕೆರೆಯಲು ನಾವು ಬಿದಿರಿನ ಸೀಳು ಮತ್ತು ಪ್ಲಾಸ್ಟಿಕ್ ತುಂಡು ಬಳಸಿದೆವು.

ಕೆರೆಯುವುದರಲ್ಲಿ ಒಂದು ಅಪಾಯವಿದೆ. ಎಲ್ಲ ಪದರಗಳ ಕೆಳಗೆ ಹಳದಿ ಹಸಿರು ಬಣ್ಣದ ಪ್ರೈಮರ್ ಸಿಗುತ್ತದೆ. ಅದು ಕ್ರೋಮೇಟ್, ಅದರ ಧೂಳು ಕ್ಯಾನ್ಸರ್ ತರುವಂಥದ್ದು. ಒಣಗಿದ್ದನ್ನು ಉಜ್ಜಲೇಬಾರದು, ಒದ್ದೆ ಮಾಡಿ, ಒಳ್ಳೆಯ ಮಾಸ್ಕ್ ಹಾಕಿ, ಕೆಸರನ್ನು ಡಬ್ಬಿಯಲ್ಲಿ ತುಂಬಿಡಿ, ಚರಂಡಿಗೆ ಬಿಡಬೇಡಿ. ಹಾಗೆಯೇ ಹಳೆಯ ಕಾಲದ ಕೆಲವು ಮೀಟರುಗಳ ಮುಳ್ಳು ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿಯುತ್ತಿದ್ದರು. ಹೊಳಪು ಸತ್ತಿದೆ ಎಂದರೆ ವಿಕಿರಣ ಸತ್ತಿದೆ ಎಂದಲ್ಲ, ಅದು ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಗಾಜು ಬಿಚ್ಚಬೇಡಿ.

ತಗಡುಗಳನ್ನು ಕೂಡಿಸುವ ಮೊಳೆ, ಅಂದರೆ ರಿವೆಟ್ ಕೆಲಸದ ಬಗ್ಗೆ ನನಗೆ ಜಂಬವಿತ್ತು. ನಮ್ಮ ಮೇಸ್ತ್ರಿಗೆ ಇನ್ನೂ ಹೆಚ್ಚು. ಮೊದಲ ವಾರವೇ ಆತ ತಗ್ಗು ಬಿದ್ದ ತಗಡನ್ನು ಸವರಿ, "ಸಾಹೇಬರೇ, ಎರಡು ಹಿಡಿ ಪುಟ್ಟಿ ಮೆತ್ತಿದರೆ ಸಂಜೆಗೆ ಕನ್ನಡಿ ಮಾಡಿಕೊಡುತ್ತೇನೆ" ಎಂದ.

"ಪುಟ್ಟಿಯ ಹಿಂದೆ ಏನಾಗುತ್ತಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು, ಮೇಸ್ತ್ರಿ?" ಎಂದರು ಸಾರ್ಜೆಂಟ್ ಸಾಹೇಬರು.

"ಲಾರಿಯವರು ಯಾರೂ ಕೇಳುವುದಿಲ್ಲ."

"ಲಾರಿ ನಿಂತರೆ ಇಳಿದು ತಳ್ಳಬಹುದಲ್ಲ."

ಅಲ್ಲಿಂದ ಮುಂದೆ ಪುಟ್ಟಿಯ ಡಬ್ಬಿ ಶೆಡ್ಡಿನಿಂದ ಹೊರಗೆ ಬರಲಿಲ್ಲ. ಹಳೆಯ ರಿವೆಟ್ ತೆಗೆಯುವಾಗ ಪೂರ್ತಿ ಕೊರೆಯಬಾರದು. ತಲೆಯ ದಪ್ಪದಷ್ಟು ಮಾತ್ರ ಡ್ರಿಲ್ ಇಳಿಸಿ, ತಲೆಯನ್ನು ಹಾರಿಸಿ, ಉಳಿದ ಕಾಲನ್ನು ಪಂಚಿನಿಂದ ಮೆಲ್ಲಗೆ ತಟ್ಟಬೇಕು. ಇಲ್ಲದಿದ್ದರೆ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹೊಸ ರಿವೆಟ್ ಆಚೆ ಬದಿಗೆ ತನ್ನ ದಪ್ಪದ ಒಂದೂವರೆ ಪಟ್ಟು ಚಾಚಿರಬೇಕು; ಬಡಿದ ಮೇಲೆ ಅದರ ತಲೆ ಅಗಲದಲ್ಲಿ ಒಂದೂವರೆ ಪಟ್ಟು, ಎತ್ತರದಲ್ಲಿ ಅರ್ಧ ಆಗಬೇಕು. ಹೊರಗೊಬ್ಬ ರಿವೆಟ್ ಬಡಿಯುವ ಗನ್ ಹಿಡಿದರೆ ಒಳಗೊಬ್ಬ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಎಂಜಿನ್ ಇಲ್ಲದ್ದು ಇಲ್ಲಿ ಒಳ್ಳೆಯದೇ ಆಯಿತು, ನಮ್ಮಲ್ಲಿ ತೀರಾ ಸಣಕಲಾದ ಹುಡುಗನೊಬ್ಬ ಬಾಲದ ಕಡೆಯಿಂದ ನುಸುಳಿ ಒಳಗೆ ಕೂರುತ್ತಿದ್ದ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಒಳಗಿನಿಂದ ಒಂದು ತಟ್ಟು ಎಂದರೆ ಇನ್ನೂ ಬಡಿ, ಎರಡು ಎಂದರೆ ಸರಿಹೋಯಿತು, ಮೂರು ಎಂದರೆ ಕೆಟ್ಟಿತು ಕಿತ್ತು ಹಾಕು. ಮೇಸ್ತ್ರಿಯ ಮೊದಲ ಹನ್ನೊಂದು ರಿವೆಟ್‌ಗಳಿಗೂ ಮೂರು ತಟ್ಟು ಬಿತ್ತು. ಮೂವತ್ತು ವರ್ಷದ ಕೈ. ಆತ ಗನ್ ಕೆಳಗಿಟ್ಟು ಬೀಡಿ ಸೇದಲು ಹೋದವನು ಅರ್ಧ ಗಂಟೆ ಬರಲಿಲ್ಲ. ಹನ್ನೆರಡನೆಯದಕ್ಕೆ ಎರಡು ತಟ್ಟು ಕೇಳಿದಾಗ ಏನೂ ಆಗದವನಂತೆ ಹದಿಮೂರಕ್ಕೆ ಕೈ ಹಾಕಿದ.

ಹುಡುಗರೊಂದಿಗೆ ಜಗಳವಾದದ್ದು ಬಣ್ಣದ ವಿಷಯಕ್ಕೆ. ಬೀದರ್‌ನಲ್ಲಿ 1996ರಲ್ಲಿ ಶುರುವಾದ ಸೂರ್ಯಕಿರಣ್ ತಂಡ ಇದೇ ಕಿರಣ್ ವಿಮಾನಗಳಲ್ಲಿ ಆಕಾಶದಲ್ಲಿ ರಂಗೋಲಿ ಬಿಡಿಸಿದ್ದಲ್ಲವೇ, ಆ ಕೆಂಪು ಬಿಳುಪನ್ನೇ ಬಳಿಯೋಣ ಎಂದು ಅವರ ಹಟ. ಆ ತಂಡದ್ದು ಮಾರ್ಕ್ 2, ನಮ್ಮದು ಮಾರ್ಕ್ 1. 1964ರಲ್ಲಿ ಮೊದಲು ಹಾರಿದ, ಡಾ. ವಿ.ಎಂ. ಘಾಟಗೆಯವರ ಮುಂದಾಳತ್ವದಲ್ಲಿ ರೂಪುಗೊಂಡ ಮೂಲ ಮಾದರಿ. ಗುರು ಶಿಷ್ಯರು ಅಕ್ಕಪಕ್ಕ ಕೂತು ಕಲಿತ ಪಾಠಶಾಲೆ ಅದು. ಅದಕ್ಕೆ ಹೀರೋ ವೇಷ ಹಾಕಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಏಳನೆಯ ಪದರದ ಕೆಳಗೆ ರೆಕ್ಕೆಯ ತುದಿಯಲ್ಲಿ ಮಾಸಿದ ಕಿತ್ತಳೆಯ ಪಟ್ಟಿ ಕಂಡ ದಿನ ಜಗಳ ತಾನಾಗಿ ನಿಂತಿತು. ಎಷ್ಟು ಅಗಲ, ಎಲ್ಲಿಂದ ಎಲ್ಲಿಗೆ ಎಂದು ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡವರು ಆ ಹುಡುಗರೇ. ನೀವೂ ಕೆರೆಯುವ ಮುಂಚೆ ಪ್ರತಿ ಅಕ್ಷರ, ಪ್ರತಿ ಪಟ್ಟಿಯನ್ನು ಅಳೆದು ಫೋಟೊ ತೆಗೆದಿಡಿ.

ಖರ್ಚಿನ ಬಗ್ಗೆ: ಲೋಹಕ್ಕೆ ಅಷ್ಟಾಗಿ ಆಗಲಿಲ್ಲ, ಪ್ರೈಮರ್ ಮತ್ತು ಬಣ್ಣಕ್ಕೇ ಹೆಚ್ಚು. ಚಂದಾ ಕೇಳಲು ಹೋದಾಗ ವ್ಯಾಪಾರಿಯೊಬ್ಬರು, ಬಳ್ಳಾರಿಗೂ ವಿಮಾನಕ್ಕೂ ಎತ್ತಣ ಸಂಬಂಧ ಎಂದು ನಕ್ಕರು. ನಮ್ಮ ಉಪನ್ಯಾಸಕರು ಅಲ್ಲೇ ಪಾಠ ಶುರು ಮಾಡಿದರು. 1932ರ ಅಕ್ಟೋಬರ್‌ನಲ್ಲಿ ಟಾಟಾ ಸಂಸ್ಥೆಯ ಮೊದಲ ವಿಮಾನ ಅಂಚೆಯನ್ನು ಕರಾಚಿಯಿಂದ ಮುಂಬೈಗೆ ಜೆ.ಆರ್.ಡಿ. ಟಾಟಾ ಹಾರಿಸಿ ತಂದರೆ, ಅಲ್ಲಿಂದ ಮುಂದಕ್ಕೆ ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಒಯ್ದದ್ದು ಬಳ್ಳಾರಿಯ ಮೂಲಕ ಮದ್ರಾಸಿಗೆ. ವ್ಯಾಪಾರಿ ಎರಡು ಡಬ್ಬಿ ಪ್ರೈಮರಿನ ದುಡ್ಡು ಕೊಟ್ಟರು. ಇತಿಹಾಸದಿಂದ ನನಗೆ ನೇರವಾಗಿ ಲಾಭವಾದದ್ದು ಅದೊಂದೇ ಸಲ.

ಕೆಲಸ ಮುಗಿದ ಭಾಗಕ್ಕೆ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಬೇಡಿ, ಒಳಗೆ ಬೆವರು ಕಟ್ಟುತ್ತದೆ, ಗಾಳಿಗೆ ಪಟಪಟನೆ ಬಡಿದು ಕಾಕ್‌ಪಿಟ್ಟಿನ ಮೇಲಿನ ಗಾಜಿನಂಥ ಅಕ್ರಿಲಿಕ್ ಗೀರಿಹೋಗುತ್ತದೆ. ನಾವು ದಪ್ಪ ಹತ್ತಿಯ ಕ್ಯಾನ್ವಾಸ್ ತಂದು ಊರಿನ ಒಂದು ಜೀನ್ಸ್ ಘಟಕದಲ್ಲಿ ಹೊಲಿಸಿದೆವು. ಅಷ್ಟು ದಪ್ಪ ಬಟ್ಟೆಗೆ ಸೂಜಿ ಇಳಿಸುವ ಮಷೀನು ಬಳ್ಳಾರಿಯಲ್ಲಿ ಗಲ್ಲಿಗೊಂದಿದೆ. ಅಳತೆ ತೆಗೆಯಲು ಬಂದ ಟೈಲರ್ ವಿಮಾನವನ್ನು ಒಂದು ಸುತ್ತು ಹಾಕಿ, "ಇದರ ಸೊಂಟ ಎಲ್ಲಿ ಬರುತ್ತದೆ ಅಣ್ಣ?" ಎಂದು ಕೇಳಿದ. ತಮಾಷೆಗಲ್ಲ, ಪಟ್ಟಿ ಎಲ್ಲಿ ಕೂಡಿಸಬೇಕು ಎಂದು ತಿಳಿಯಲು.

ರಾಯಚೂರೇನು ದೂರವಲ್ಲ, ಶನಿವಾರ ರಾತ್ರಿಯೇ ಬಂದುಬಿಡಿ. ಭಾನುವಾರ ಬೆಳಿಗ್ಗೆ ಆರಕ್ಕೆ ಶುರು ಮಾಡುತ್ತೇವೆ, ಒಂಬತ್ತರ ನಂತರ ರೆಕ್ಕೆಯ ಮೇಲೆ ಕೈ ಇಡಲಾಗುವುದಿಲ್ಲ. ಆಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಬರುವಾಗ ನಿಮ್ಮ ವಿಮಾನದ ಫೋಟೊ ತನ್ನಿ. ಮುಂದಿನಿಂದ ತೆಗೆದ ಚೆಂದದ್ದು ಬೇಡ, ಕೆಳಗೆ ಮಲಗಿ ಹೊಟ್ಟೆಯ ತೂತುಗಳದ್ದು ತೆಗೆದು ತನ್ನಿ.