ಮಾರುವ ಮುನ್ನ ಲೇತನ್ನು ಅದರ ಜಾಗದಿಂದ ಕದಲಿಸಬೇಡಿ

ಹೆಚ್ಚು ಓಡದ ನಿಮ್ಮ ಲೇತಿಗೆ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರಕ್ಕೆ) ಹೊಸದರ ಬೆಲೆಯಲ್ಲಿ ಎಷ್ಟು ಪಾಲು ಕೇಳಬಹುದು, ಶೆಡ್ಡಿಗೆ ಸಾಗಿಸಿ ಬಣ್ಣ ಹೊಡೆಸಿ ಮಾರುವುದು ಒಳ್ಳೆಯದೇ ಎಂದು ಕೇಳಿದ್ದೀರಿ. ನಾನೂ ಇದೇ ಲೆಕ್ಕಾಚಾರ ಹಾಕಿದ್ದೆ. ಕೊಳ್ಳುವವರು ಸಿಗುವ ಮೊದಲೇ ಜಾಗ ತೆರವಾಗಲೆಂದು ಲೇತನ್ನು ಬುಡದ ಬೋಲ್ಟುಗಳಿಂದ ಬಿಡಿಸಿ, ಶೆಡ್ಡಿನ ಒರಟು ನೆಲದ ಮೇಲೆ ತಂದಿರಿಸಿದೆ. ನನಗೆ ನಷ್ಟವಾದದ್ದು ಅಲ್ಲಿಯೇ.

ನೋಡಲು ಬಂದವರು ಲೇತಿನ ಕೆಲಸದಲ್ಲಿ ಪಳಗಿದ ಅನುಭವಿ ಟರ್ನರ್. ಅವರು ತುಂಡನ್ನು ಹಿಡಿದು ತಿರುಗಿಸುವ ಚಕ್ಕಿಗೆ ದಪ್ಪ ರಾಡೊಂದನ್ನು ಕಟ್ಟಿ, ಇನ್ನೊಂದು ತುದಿಗೆ ಒತ್ತಾಸೆಯಾಗುವ ಟೈಲ್‌ಸ್ಟಾಕಿನ ಆಸರೆಯಿಲ್ಲದೆ ಸುಮಾರು 150 ಮಿ.ಮೀ. ಉದ್ದಕ್ಕೆ ತೆಳುವಾದ ಕಟ್ ತೆಗೆದು, ಎರಡೂ ತುದಿಗಳಿಗೆ ಮೈಕ್ರೋಮೀಟರ್ ಹಿಡಿದರು. ರಾಡು ಟೇಪರ್ ಆಗಿತ್ತು, ಅಂದರೆ ಒಂದು ತುದಿ ಇನ್ನೊಂದಕ್ಕಿಂತ ದಪ್ಪವಿತ್ತು. ಬೆಡ್ (ಲೇತಿನ ಭಾಗಗಳೆಲ್ಲ ಕೂರುವ ಉದ್ದನೆಯ ಅಡಿಭಾಗ) ಸವೆದಿದೆ ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಬೆಡ್ ಎರಕದ ಕಬ್ಬಿಣದ್ದು, ಅದು ಜಗ್ಗುವುದಿಲ್ಲ ಎಂದೇ ನಾನು ನಂಬಿದ್ದೆ. ವಾಸ್ತವದಲ್ಲಿ ಒಂದು ಕಾಲು ತುಸು ತಗ್ಗಿನಲ್ಲಿ ಕುಳಿತರೂ ಬೆಡ್ ತನ್ನ ಭಾರಕ್ಕೇ ತಿರುಚಿಕೊಳ್ಳಬಹುದು, ಮತ್ತು ಹಾಗೆ ತಿರುಚಿದ ಬೆಡ್ಡಿನ ಮೇಲೆ ಸಾಗುವ ಕ್ಯಾರೇಜು (ಕತ್ತರಿಸುವ ಟೂಲನ್ನು ಹೊತ್ತ ಭಾಗ) ಟೂಲಿನ ತುದಿಯನ್ನು ಕಡೆಯುತ್ತಿರುವ ಜಾಬಿನ ಕಡೆಗೋ ಅದರಿಂದ ಆಚೆಗೋ ಸರಿಸುತ್ತ ಹೋಗುತ್ತದೆ. ಟೂಲು ಎಷ್ಟು ಸರಿಯಿತೋ ಅದರ ಎರಡರಷ್ಟು ವ್ಯತ್ಯಾಸ ವ್ಯಾಸದಲ್ಲಿ ಕಾಣುತ್ತದೆ. ಸವೆದ ಬೆಡ್ಡೂ ಟೇಪರನ್ನೇ ಕೊಡುತ್ತದೆ. ಆದರೆ ಸವೆತಕ್ಕೆ ಬೆಡ್ ಗ್ರೈಂಡಿಂಗ್ ಬೇಕು, ತಿರುಚಿಗೆ ಲೆವೆಲ್ ಮಾಡಿದರೆ ಸಾಕು. ಸೂಕ್ಷ್ಮವಾದ ಸ್ಪಿರಿಟ್ ಲೆವೆಲ್ಲನ್ನು ಬೆಡ್ಡಿಗೆ ಅಡ್ಡಲಾಗಿ ಎರಡೂ ತುದಿಗಳಲ್ಲಿ ಇಟ್ಟು, ಎರಡೂ ಕಡೆ ಒಂದೇ ಅಳತೆ ಬರುವವರೆಗೆ ಕಾಲುಗಳ ಕೆಳಗೆ ತಗಡು ಕೊಡುವ ಕೆಲಸ ಅದು. ನಾನು ಅದನ್ನು ಮಾಡದೆ, ಸವೆದ ಯಂತ್ರದ ಬೆಲೆಗೆ ಲೇತನ್ನು ಕೊಟ್ಟುಬಿಟ್ಟೆ. ತಮ್ಮಲ್ಲಿ ಲೆವೆಲ್ ಮಾಡಿ ಕೂರಿಸಿದ ಮೇಲೆ ಟೇಪರ್ ಹೋಯಿತೆಂದು ಕೊಂಡವರೇ ಫೋನ್ ಮಾಡಿ ತಿಳಿಸಿದರು. ಪ್ರಾಮಾಣಿಕರೇ, ಆದರೆ ವ್ಯಾಪಾರ ಮುಗಿದಿತ್ತು.

ಆದ್ದರಿಂದ ಹೊಸದರ ಬೆಲೆಯಲ್ಲಿ ಎಷ್ಟು ಪಾಲು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೆಚ್ಚು ಓಡಿಲ್ಲ ಎಂಬ ಮಾತನ್ನು ಮಾರುವವರೆಲ್ಲರೂ ಹೇಳುತ್ತಾರೆ, ಅದನ್ನು ತೋರಿಸುವ ಮೀಟರು ಸಾಮಾನ್ಯ ಲೇತಿನಲ್ಲಿ ಇರುವುದಿಲ್ಲ. ಎಣ್ಣೆ ಕಾಣದೆ ತುಕ್ಕು ಹಿಡಿಯುತ್ತ ನಿಂತ ಯಂತ್ರಕ್ಕಿಂತ ದಿನವೂ ಎಣ್ಣೆ ಕಂಡು ಓಡಿದ ಯಂತ್ರವನ್ನೇ ನಾನಾದರೆ ಆರಿಸಿಕೊಳ್ಳುತ್ತೇನೆ. ಬಣ್ಣವಂತೂ ಬೇಡವೇ ಬೇಡ. ಬಿರುಕನ್ನೋ ಬೆಸುಗೆಯನ್ನೋ ಮುಚ್ಚಿದ್ದಾರೆಂಬ ಅನುಮಾನವನ್ನು ನೀವೇ ದುಡ್ಡು ಕೊಟ್ಟು ಹುಟ್ಟಿಸಿದಂತಾಗುತ್ತದೆ. ಸ್ಕ್ರೂವಿನ ಮರೆ ಕತ್ತರಿಸಲು ಬೇಕಾದ ಥ್ರೆಡ್ಡಿಂಗ್ ಗೇರುಗಳನ್ನು ಬಿಡಿಯಾಗಿ ಮಾರಬೇಡಿ, ಅವಿಲ್ಲದ ಲೇತನ್ನು ಕೇಳುವವರು ಕಡಿಮೆ.

ಯಂತ್ರ ಈಗ ಲೆವೆಲ್ಲಾಗಿ ಕುಳಿತಿರುವ ಜಾಗದಲ್ಲಿಯೇ, ಕರೆಂಟು ಇರುವಾಗಲೇ ಜನರನ್ನು ಕರೆಯಿರಿ, ಅವರ ಕೈಯಿಂದಲೇ ಕಟ್ ತೆಗೆಸಿ, ಅಳತೆ ನೋಡಿದ ಮೇಲೆ ಬೆಲೆ ಹೇಳಿ. ಸಾಗಣೆಯ ಹೊಣೆಯನ್ನು ಹಣ ಕೈಸೇರಿದ ನಂತರ ಕೊಂಡವರಿಗೇ ಬಿಡಿ. ಎತ್ತುವಾಗ ಬೆಡ್ಡಿನ ಉದ್ದಕ್ಕೂ ಇರುವ ಲೀಡ್ ಸ್ಕ್ರೂವಿಗೆ (ಕ್ಯಾರೇಜನ್ನು ಸಾಗಿಸುವ ಉದ್ದನೆಯ ಸ್ಕ್ರೂ) ಎತ್ತುವ ಬೆಲ್ಟು ತಾಗದಂತೆ ನೋಡಿಕೊಳ್ಳಲು ಪಕ್ಕದಲ್ಲಿ ನಿಂತಿದ್ದರೆ ಸಾಕು.